ದನಿ ಹೋದ ಮೇಲಿನ ಶುಕ್ರವಾರಗಳು

ಸವದತ್ತಿ
ಶನಿವಾರ, ೧೫ ನವೆಂಬರ್ ೨೦೨೫

ನನ್ನ ಮುದ್ದು ಸುವಾರ್ತಾ,

ನಿನ್ನನ್ನು ನನಗೆ ಕೊಟ್ಟ ಕರ್ತನ ಹೆಸರಿನಲ್ಲಿ ಅವ್ವನ ವಂದನೆ, ಒಂದು ಮುತ್ತು. ನಾನಿಲ್ಲಿ ಸುಖವಾಗಿದ್ದೇನೆ. ಮೀರಜಿನಲ್ಲಿ ಚಳಿ ಶುರುವಾಗಿರಬೇಕು, ಆಸ್ಪತ್ರೆಯ ಪಾಳಿಗೆ ಹೋಗುವಾಗ ಕಿವಿಗೆ ಕಟ್ಟಿಕೊಂಡು ಹೋಗು.

ಫೋನಿನಲ್ಲಿ ನಾನು ಪಿಸುಗುಡುವುದು, ನೀನು ಹಲೋ ಹಲೋ ಎನ್ನುವುದು, ಕಡೆಗೆ ಇಬ್ಬರೂ ಇಟ್ಟುಬಿಡುವುದು, ಇಷ್ಟೇ ಆಗಿದೆ. ಮೂವತ್ತೊಂದು ವರ್ಷ ಸಾಲೆಯಲ್ಲಿ ಅಕ್ಷರ ತಿದ್ದಿಸಿದ ಕೈ ಇದು, ಅದೇ ಮಾತಾಡಲಿ ಎಂದು ಬರೆಯಲು ಕೂತಿದ್ದೇನೆ.

ಜುಲೈಯಲ್ಲಿ ಗಂಟಲಿನ ಗಂಟು ತೆಗೆಸಿ ಮನೆಗೆ ಕರೆತಂದ ವಾರ, ನನಗೆ ಗಂಜಿ ಕುಡಿಸುತ್ತ ನೀನು ಕೇಳಿದ್ದೆ: "ಅಷ್ಟ ಮಂದಿ ಸಲುವಾಗಿ ಬೇಡಿಕೊಂಡಿ, ಅವ್ವಾ. ನಿನ್ನ ಸಲುವಾಗಿ ಆ ದೇವರು ಕೇಳಿಸಿಕೊಂಡನೇನು?" ನಾನು ಗೋಡೆಯ ಕಡೆ ಹೊರಳಿ ಮಲಗಿದೆ. ಗಂಟಲು ನೋಯುತ್ತಿರಬೇಕೆಂದು ನೀನು ಗಂಜಿಯ ಬಟ್ಟಲು ತೆಗೆದಿಟ್ಟೆ. ನಿಜವೆಂದರೆ ಅದೇ ಪ್ರಶ್ನೆ ನನ್ನೊಳಗೂ ಇತ್ತು.

ನೀನು ಹೋದ ಮೇಲೆ ಶುಕ್ರವಾರದ ಹೆಂಗಸರ ಪ್ರಾರ್ಥನೆಯನ್ನು ನಿಲ್ಲಿಸಿಬಿಟ್ಟೆ. ಡಾಕ್ಟರು ವಿಶ್ರಾಂತಿ ಹೇಳಿದ್ದಾರೆ ಎಂದು ಎಲ್ಲರಿಗೂ ಫೋನಿನಲ್ಲಿ ಸುದ್ದಿ ಕಳಿಸಿದೆ. ಅದು ಸುಳ್ಳು. ಇಪ್ಪತ್ತು ವರ್ಷ ನಮ್ಮ ಪಡಸಾಲೆಯಲ್ಲಿ ಎಲ್ಲರ ಪರವಾಗಿ ನಾನೇ ದೊಡ್ಡ ದನಿಯಲ್ಲಿ ಪ್ರಾರ್ಥಿಸುತ್ತಿದ್ದೆ, ಉಳಿದವರು ಆಮೆನ್ ಎನ್ನುತ್ತಿದ್ದರು. ದನಿಯೇ ಇಲ್ಲದೆ ಅವರೆದುರು ಕೂರಲು ನನಗೆ ನಾಚಿಕೆ.

ಪಕ್ಕದ ಮನೆಯ ಚನ್ನವ್ವ ಬಂದು, ಮುಂಜಾನೆ ಗೋಡೆಯಾಚೆ ನನ್ನ ಪ್ರಾರ್ಥನೆ ಕೇಳಿಯೇ ತಾನು ಚಹಾಕ್ಕೆ ಇಡುತ್ತಿದ್ದೆನೆಂದೂ ಈಗ ಹೊತ್ತೇ ತಿಳಿಯದೆಂದೂ ಹೇಳಿ ನಕ್ಕಳು. ನಾನೂ ನಕ್ಕೆ. ಅವಳು ಹೋದ ಮೇಲೆ, ಇಷ್ಟು ವರ್ಷ ನನ್ನನ್ನು ಕೇಳಿದವಳು ಚನ್ನವ್ವ ಒಬ್ಬಳೇ ಇರಬಹುದೇ ಎನಿಸಿ, ಅಡಿಗೆಮನೆಯಲ್ಲಿ ಕೂತು ಅತ್ತೆ.

ಬಾಯವ್ವನ ನೆನಪಿದೆಯೇ? ಹೂಲಿಯಿಂದ ಬರುವವಳು, ಹೊಲದ ಕೂಲಿ ಮಾಡುವವಳು, ಓದು ಬಾರದವಳು. ಹನ್ನೊಂದು ವರ್ಷದಿಂದ ಬಾಗಿಲ ಹತ್ತಿರವೇ ಕೂತು ಆಮೆನ್ ಎನ್ನುವುದು ಬಿಟ್ಟರೆ ಬಾಯಿ ಬಿಟ್ಟವಳಲ್ಲ. ಅವಳ ಹತ್ತಿರ ಫೋನಿಲ್ಲ, ನನ್ನ ಸುದ್ದಿ ಮುಟ್ಟಿರಲಿಲ್ಲ. ಶುಕ್ರವಾರವೆಂದರೆ ದೇವಿಯ ಗುಡ್ಡಕ್ಕೆ ಹೋಗುವವರಿಂದ ಬಸ್ಸು ತುಂಬಿರುತ್ತದೆ, ಅದರಲ್ಲಿ ನಿಂತುಕೊಂಡೇ ಬಂದಳು. ನಾನು ಪರದೆಯ ಹಿಂದಿನಿಂದ ನೋಡಿದೆ, ಬಾಗಿಲು ತೆಗೆಯಲಿಲ್ಲ. ಅವಳು ಕಟ್ಟೆಯ ಮೇಲೆ ಕೂತು, ಸೆರಗು ಹೊದ್ದು, ಅರ್ಧ ತಾಸು ಕಣ್ಣು ಮುಚ್ಚಿಕೊಂಡಿದ್ದು ಎದ್ದುಹೋದಳು. ಮರುವಾರವೂ ಬಂದಳು. ಮೂರನೆಯ ಸಲ ನನಗೆ ತಡೆಯಲಾಗದೆ ಬಾಗಿಲು ತೆಗೆದೆ. ಇಷ್ಟು ದಿನ ಯಾಕೆ ತೆಗೆಯಲಿಲ್ಲವೆಂದು ಅವಳು ಕೇಳಲೇ ಇಲ್ಲ.

ಅದರ ಮುಂದಿನ ವಾರ ಎಲ್ಲರನ್ನೂ ಕರೆದೆ. ಆರು ಮಂದಿ ಬಂದರು. ಹಾಡಾಯಿತು, ಬೈಬಲ್ ವಾಕ್ಯ ಓದಿದ್ದಾಯಿತು. ಪ್ರಾರ್ಥನೆಯ ಹೊತ್ತಿಗೆ ಕಣ್ಣು ಮುಚ್ಚಿ, ಹಳೆಯ ರೂಢಿಯಂತೆ ನನಗಾಗಿ ಕಾದರು. ಬಾಯಿ ತೆರೆದರೆ ಬರೀ ಉಸಿರು ಬಂತು. ಆಗ ಬಾಗಿಲ ಹತ್ತಿರದಿಂದ ಬಾಯವ್ವ, ಪಕ್ಕದಲ್ಲಿ ಕೂತವರೊಡನೆ ಮಾತಾಡುವ ಹಾಗೆ ಶುರು ಮಾಡಿದಳು:

"ಯಪ್ಪಾ ದೇವರ, ನನಗ ಮಾತಾಡಾಕ ಬರೂದಿಲ್ಲ. ನಿನಗ ಕೇಳಾಕ ಬರತೈತಿ. ನಮ್ಮ ಅಕ್ಕೋರಿಗೆ ದನಿ ಹೊಳ್ಳಿ ಕೊಡು. ಅಲ್ಲೀತನಕ ಅವರ ಹೇಳೂದನ್ನ ನಾ ಹೇಳತೇನಿ. ತಪ್ಪಿದ್ರ ನೀನ ತಿದ್ದಕೋ."

ತಿದ್ದುವುದು ನನ್ನ ಕಸುಬು, ಸುವಾರ್ತಾ. ಆ ಮಾತಿನಲ್ಲಿ ಒಂದಕ್ಷರವನ್ನೂ ತಿದ್ದಬೇಕೆನಿಸಲಿಲ್ಲ. ನನ್ನ ಪ್ರಾರ್ಥನೆ ಚೆಂದ ಎಂದು ಜನ ಹೊಗಳುವುದು ನನಗೆ ಎಷ್ಟು ಹಿತವಾಗಿತ್ತೆಂದು ಅವತ್ತು ತಿಳಿಯಿತು. ಇವಳಿಗೆ ಬಾಯಿ ತೆರೆಯಲು ನಾನು ಒಂದು ದಿನವೂ ಸಂದು ಕೊಟ್ಟಿರಲಿಲ್ಲ. ಈಗ ವಾರಕ್ಕೊಬ್ಬರು ಪ್ರಾರ್ಥಿಸುತ್ತಾರೆ, ನಾನು ಕೇಳುತ್ತ ಕೂರುತ್ತೇನೆ. ಒಬ್ಬಳಂತೂ ಪ್ರಾರ್ಥನೆಯ ನಡುವೆಯೇ ತನ್ನ ಸೊಸೆಯ ದೂರು ಹೇಳಿಬಿಟ್ಟಳು; ನಗು ತಡೆಯಲು ತುಟಿ ಕಚ್ಚಿಕೊಂಡೆ.

ನಿನ್ನ ಪ್ರಶ್ನೆಗೆ, ದೇವರು ಕೇಳಿಸಿಕೊಂಡನೆಂಬುದಕ್ಕೆ ಗುರುತು ತೋರಿಸು ಎಂದರೆ ನನ್ನ ಹತ್ತಿರ ಏನೂ ಇಲ್ಲ. ಆದರೆ ಬಾಯಿಗೆ ನಳಿಗೆ ಹಾಕಿದ ರೋಗಿಗೆ ಏನು ಬೇಕೆಂದು ಮುಖ ನೋಡಿಯೇ ತಿಳಿಯುತ್ತೇನೆ ಎಂದು ನೀನೇ ಒಮ್ಮೆ ಹೇಳಿದ್ದೆ. ನಿನಗೆ ತಿಳಿಯುವಷ್ಟು ಅವನಿಗೆ ತಿಳಿಯದೇ? ಮೊದಲು ಮುಂಜಾನೆಯ ಪ್ರಾರ್ಥನೆ ಮುಗಿಸಿ ಹಾಲು ಕಾಸಲು ಓಡುತ್ತಿದ್ದೆ. ಈಗ ಮಾತೇ ಇಲ್ಲ, ಮುಗಿಯುವುದು ಎಲ್ಲಿ ಎಂದೂ ಇಲ್ಲ, ಹಾಗೇ ಕೂತಿರುತ್ತೇನೆ. ಎದುರಿಗೆ ಯಾರೋ ಕೂತು ಆಲಿಸುತ್ತಿದ್ದಾರೆ ಎಂಬ ನೆಮ್ಮದಿ ಇರುತ್ತದೆ. ಹಾಲು ಎರಡು ಸಲ ಒಡೆಯಿತು, ಇರಲಿ.

ರಜೆ ಸಿಕ್ಕಾಗ ಬಾ. ಶೇಂಗಾ ಹೋಳಿಗೆ ಮಾಡುತ್ತೇನೆ.

ನಿನ್ನ ದಾರಿ ನೋಡುವ ಅವ್ವ,
ಮಾರ್ಥಾ

ತಾ.ಕ.: ಗುರುವಾರ ಬೆಳಗಾವಿಗೆ ಹೋಗಿ ಡಾಕ್ಟರನ್ನು ಕಂಡೆ. ಗಂಟು ದನಿಯ ನರವನ್ನೇ ಹಿಡಿದಿತ್ತಂತೆ, ದನಿ ಇನ್ನು ಬರುವುದಿಲ್ಲವಂತೆ. ಆಪರೇಶನ್ ಆದ ದಿನವೇ ನಿಮ್ಮ ಮಗಳಿಗೆ ಹೇಳಿದ್ದೆನಲ್ಲ ಎಂದರು. ಅಂದರೆ ಗಂಜಿ ಕುಡಿಸುತ್ತ ನೀನು ಆ ಮಾತು ಕೇಳಿದಾಗ ನಿನಗೆ ಎಲ್ಲ ಗೊತ್ತಿತ್ತು. ನಾಲ್ಕು ತಿಂಗಳು ಒಬ್ಬಳೇ ಹೊತ್ತೆ, ಇನ್ನು ಇಳಿಸು ಮಗಳೇ. ದನಿ ಬಾರದ್ದನ್ನೂ ನೀನು ಒಬ್ಬಳೇ ಹೊತ್ತದ್ದನ್ನೂ ನಿನ್ನೆ ಬಾಯವ್ವನಿಗೆ ಪಿಸುಮಾತಿನಲ್ಲಿ ತಿಳಿಸಿದೆ. ಹಾಗಾದರೆ ಇನ್ನು ನನ್ನ ದನಿಯ ಬದಲು ನಿನ್ನ ಸಲುವಾಗಿ ದೇವರನ್ನು ಕೇಳುತ್ತೇನೆ ಎಂದಳು. ಆ ಹೊತ್ತಿಗೆ ನಿನ್ನ ಹೆಸರು ಅವಳಿಗೆ ನೆನಪಾಗಲಿಲ್ಲ, 'ಅಕ್ಕೋರ ಮಗಳು' ಎಂದಷ್ಟೇ ಹೇಳಿದಳು. ಯಾರೆಂದು ದೇವರಿಗೆ ತಿಳಿಯುತ್ತದೆ.