ಅಜ್ಜಿ ಬಡೀಲಿ

ಕೊಟ್ಟೂರು, ಮಂಗಳವಾರ

ಅತ್ತೆಯವರಿಗೆ ಶರಣು.

"ಕೂಸಿನ್ನ ಜಿಗಿಸಬ್ಯಾಡ್ರಿ, ಮೊಣಕಾಲಿಗೆ ಪೆಟ್ಟಂತ ಡಾಕ್ಟರ್ ಹೇಳ್ಯಾರ" ಅಂತ ನಾನಂದ ಮರುದಿನವೇ ನೀವು ಹಡಗಲಿಗೆ, ಮಗಳ ಮನೆಗೆ ಹೋದಿರಿ. ಈಗ ಇಂಚರ, ನೀವು ತೊಡೆಯ ಮೇಲಿಟ್ಟು ಬಡಿದು ಅವಳನ್ನು ಕುಣಿಸುತ್ತಿದ್ದ ಸ್ಟೀಲಿನ ತಾಟು ತಂದು ನನ್ನ ಮುಂದಿಡುತ್ತಾಳೆ. ಬಡಿದೆ, ಮೊಬೈಲ್ ನೋಡಿ ಕಲಿತ ಹಾಡೆಲ್ಲ ಹಾಡಿದೆ, ನಾನೇ ಕುಣಿದೆ. ಕೈ ಸರಿಸಿ "ಅಜ್ಜಿ ಬಡೀಲಿ" ಅಂತಾಳೆ. ಎರಡು ವರ್ಷದ ಕೂಸು!

ಡಾಕ್ಟರ್ ಹಾಗೇನೂ ಹೇಳಿರಲಿಲ್ಲ. ಅವತ್ತು ಕುಣಿದು ದಣಿದವಳು ನನ್ನನ್ನು ದಾಟಿ ಬಂದಳು; ನೀವು ತಾಟು ಬದಿಗಿಟ್ಟು ತೊಡೆಗೆ ಕರೆದುಕೊಂಡಿರಿ. ನನಗೆ ಅದನ್ನು ನೋಡಲಾಗಲಿಲ್ಲ. ಈಗಲೂ ಆಗುವುದಿಲ್ಲ.

ಆದರೂ ಬನ್ನಿ, ಬಡಿಯಿರಿ, ಕುಣಿಯಲಿ. ದಣಿದು ಓಡಿ ಬಂದಾಗ ಒಂದು ಸಲ, ಒಂದೇ ಸಲ, ತೊಡೆಯ ಮೇಲಿನ ತಾಟು ತೆಗೆಯದೆ ಹಾಗೇ ಕೂತುಕೊಳ್ಳಿ. ನಾನು ಪಕ್ಕದಲ್ಲೇ ಇರುತ್ತೇನೆ.

ನಿಮ್ಮ ಸೊಸೆ,
ಗಂಗಾಂಬಿಕಾ