ದೋನ್ ಲಿಬೋರಿಯೊ ವಿರುದ್ಧ ನಾನು ಹೇಳಿದ ಸಾಕ್ಷಿ

ಪುಯೆರ್ತೊ ಅರಾಸಾ
ಆಗಸ್ಟ್ 19, 1999

ಪ್ರೀತಿಯ ಝುನಿಲ್ಡಾ,

ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಏಳು ತಿಂಗಳಾಯಿತು. ಮೂವತ್ತನಾಲ್ಕು ವರ್ಷದ ಮೇಲೆ ನಿನ್ನ ಅಕ್ಷರ ಕಂಡೂ ಉತ್ತರ ಬರೆಯದೆ ಕೂತ ಗೆಳತಿಯನ್ನು ನೀನು ಏನೆಂದುಕೊಂಡೆಯೋ. ಕ್ಷಮಿಸು. ನಾಲ್ಕು ಸಲ ಬರೆದು ಹರಿದು ಹಾಕಿದೆ. ಅಪ್ಪ ಆಗ ಇನ್ನೂ ಇದ್ದ, ಪಕ್ಕದ ಕೋಣೆಯಲ್ಲೇ ಹಾಸಿಗೆ ಹಿಡಿದಿದ್ದ. ಜೂನ್ ತಿಂಗಳಲ್ಲಿ ತೀರಿಕೊಂಡ.

ಮಗಳು ಅಜ್ಜನ ಬಗ್ಗೆ ಕೇಳುತ್ತಾಳೆ, ಏನು ಹೇಳಲಿ ಎಂದು ನೀನು ಬರೆದಿದ್ದೆ. ಹೇಳು, ಅವಳ ಅಜ್ಜ ಯಾರನ್ನೂ ಕೊಂದಿಲ್ಲ. ಕಸಾಯಿಖಾನೆಯ ಮೇಸ್ತ್ರಿ ರೊಲೋನ್‌ನನ್ನು ಕೊಂದವನು ನನ್ನಪ್ಪ.

ಇಷ್ಟು ಬರೆದು, ಎದ್ದು ಹೋಗಿ ಮರಗೆಣಸು ಬೇಯಲಿಟ್ಟು ಬಂದೆ.

ಅಂದು ನಿನಗೆ ಜ್ವರ ಬಂದಿತ್ತು. ಮಧ್ಯಾಹ್ನ ಊರೆಲ್ಲ ನಿದ್ದೆ ಮಾಡುವ ಹೊತ್ತಿನಲ್ಲಿ ಹೊರಗೆ ಕಾಲಿಟ್ಟರೆ ಹೊಂಗೂದಲ ಕುಳ್ಳ ಹೊತ್ತುಕೊಂಡು ಹೋಗುತ್ತಾನೆಂದು ನಮ್ಮಿಬ್ಬರ ಅಮ್ಮಂದಿರೂ ಹೆದರಿಸುತ್ತಿದ್ದರಲ್ಲ, ನಾವು ಕೇಳಿದ್ದುಂಟೇ? ಆ ದಿನ ಒಬ್ಬಳೇ ಹೋಗಿ ಕಸಾಯಿಖಾನೆಯ ಹಿಂದಿನ ಸೀಬೆಮರ ಹತ್ತಿ ಕೂತಿದ್ದೆ. ಕೆಳಗೆ ನದಿಯ ದಂಡೆಗೆ ಅಪ್ಪ ಮತ್ತು ರೊಲೋನ್ ಬಂದರು. ಹಿಂದಿನ ದಿನ ಒಂದು ಚರ್ಮ ಹರಿಯಿತೆಂದು ರೊಲೋನ್ ಎಲ್ಲರೆದುರು ಅಪ್ಪನ ಮುಖಕ್ಕೆ ಬಾರುಕೋಲಿನಿಂದ ಹೊಡೆದಿದ್ದ. ಅಪ್ಪ ತಲೆ ತಗ್ಗಿಸಿ, ಕೆಲಸ ಬಿಡಿಸಬೇಡಿ ಎಂದು ಕೇಳಿಕೊಳ್ಳುತ್ತಿದ್ದ. ರೊಲೋನ್ ನಗುತ್ತಾ ಹೇಳಿದ: "ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ. ನಾಯಿಗೆ ಹಾಕೋ ಕರುಳನ್ನೂ ನಿನ್ನ ಕೈಲಿ ತೊಳೆಸಲ್ಲ."

ಪಕ್ಕದಲ್ಲೇ ನಿನ್ನಪ್ಪನ ದೋಣಿ ಕಟ್ಟಿತ್ತು. ಅಪ್ಪ ಅದರೊಳಗಿನ ಹುಟ್ಟು ತೆಗೆದು ಒಂದೇ ಒಂದು ಏಟು ಹೊಡೆದ. ರೊಲೋನ್ ಮೊಣಕಾಲುದ್ದದ ನೀರಿನಲ್ಲಿ ಮುಖ ಕೆಳಗಾಗಿ ಬಿದ್ದ. ಎತ್ತಬಹುದಿತ್ತು. ಅಪ್ಪ ಎತ್ತಲಿಲ್ಲ, ನೀರು ಅಲುಗಾಡುವುದು ನಿಲ್ಲುವವರೆಗೂ ನಿಂತಿದ್ದ. ಆಮೇಲೆ ತಲೆ ಎತ್ತಿ ಎಲೆಗಳ ನಡುವೆ ನನ್ನ ಕಾಲು ನೋಡಿದ. "ಇಳಿ, ಹರ್ಮಿನಿಯಾ," ಅಂದ. ಊಟಕ್ಕೆ ಕರೆಯುವ ದನಿಯಲ್ಲೇ ಅಂದ.

ಹೆಣ ನಿನ್ನಪ್ಪನ ದೋಣಿಯ ಬಳಿ ಸಿಕ್ಕಿತು, ಹುಟ್ಟಿಗೆ ರಕ್ತ ಅಂಟಿತ್ತು. ಕಸಾಯಿಖಾನೆಯ ಹೊಲಸು ನದಿಗೆ ಬಿಟ್ಟು ಮೀನು ಹಾಳುಮಾಡುತ್ತೀರೆಂದು ನಿನ್ನಪ್ಪ ದೋನ್ ಲಿಬೋರಿಯೊ ಹಿಂದಿನ ವಾರವಷ್ಟೇ ರೊಲೋನ್ ಜೊತೆ ಜಗಳವಾಡಿದ್ದರು. ಮರುದಿನ ಬೆಳಿಗ್ಗೆ ಠಾಣೆಯ ಅಧಿಕಾರಿ ನಮ್ಮ ಅಂಗಳಕ್ಕೆ ಬಂದ. ಮಧ್ಯಾಹ್ನ ಅಲೆಯುವ ಹುಡುಗಿ ನಾನೆಂದು ಯಾರೋ ಹೇಳಿದ್ದರು. ನನ್ನೆದುರು ಕುಕ್ಕರಗಾಲಲ್ಲಿ ಕೂತು ಕೇಳಿದ: "ನಿನ್ನೆ ದಂಡೇಲಿ ಯಾರನ್ನ ನೋಡ್ದೆ, ಪುಟ್ಟೀ?"

"ದೋನ್ ಲಿಬೋರಿಯೊನ," ಅಂದೆ.

ಸಾಕ್ಷಿ ಯಾರೆಂದು ಅಧಿಕಾರಿ ಊರಿಗೆ ಹೇಳಲಿಲ್ಲ. ಅದಕ್ಕೇ ನಿನಗೆ ಇವತ್ತಿಗೂ ಗೊತ್ತಿಲ್ಲ.

ಮೀನು ಹೆರೆಯುತ್ತಿದ್ದ ನಿನ್ನಪ್ಪನನ್ನು ಹಾಗೆಯೇ ಎಳೆದುಕೊಂಡು ಹೋದರು, ತೋಳಿನ ತುಂಬ ಹುರುಪೆ ಮೆತ್ತಿತ್ತು. ಶಾಲೆಯಲ್ಲಿ ನಿನ್ನನ್ನು ಕೊಲೆಗಾರನ ಮಗಳೆಂದರು. ನಿನ್ನ ಬೆಂಚಿನಿಂದ ಎಲ್ಲರೂ ಎದ್ದು ಹೋದರು, ಕೊನೆಗೆ ನಾನೂ ಎದ್ದೆ. ನಿನ್ನಮ್ಮ ನಿಮ್ಮನ್ನು ಕರೆದುಕೊಂಡು ಗಡಿಯಾಚೆ ಕ್ಲೋರಿಂಡಾಕ್ಕೆ ಹೊರಟ ದಿನ, ದೋಣಿಕಟ್ಟೆಯಲ್ಲಿ ನೀನು ನನ್ನ ತೋಳು ಹಿಡಿದು ಕೇಳಿದೆ: "ನೀನೂ ನಮ್ಮಪ್ಪನೇ ಮಾಡಿದ್ದು ಅಂತೀಯಾ?" ನನಗೇನು ಗೊತ್ತು ಎಂದೆ. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಹನ್ನೊಂದು ವರ್ಷದವಳಿಗೆ ಹಾಗೆ ಉಣ್ಣಲು ಸಾಧ್ಯವಾಯಿತಲ್ಲ ಎಂದು ಈಗ ಹೆದರಿಕೆಯಾಗುತ್ತದೆ.

ಶಿಕ್ಷೆಯ ಒಂಬತ್ತನೇ ವರ್ಷ ದೋನ್ ಲಿಬೋರಿಯೊ ರಾಜಧಾನಿಯ ಜೈಲಿನಲ್ಲೇ ಕೆಮ್ಮಿ ಕೆಮ್ಮಿ ಸತ್ತರೆಂಬ ಸುದ್ದಿ ಬಂತು. ಅಪ್ಪ ಅಂದಿನಿಂದ ಇಗರ್ಜಿಗೆ ಹೋಗಲಿಲ್ಲ. ಈ ಸಲ ಹಾಸಿಗೆ ಹಿಡಿದಾಗ ಪಾದ್ರಿಗಳನ್ನು ಕರೆಸಲೇ ಎಂದು ಕೇಳಿದೆ, ಬೇಡವೆಂದ. ಸಾಯುವ ವಾರ, "ಲಿಬೋರಿಯೊ ಮಗಳು ಎಲ್ಲಿದಾಳೆ?" ಎಂದು ಕೇಳಿದ. ಕಾಗದ ಬಂದಿದೆ ಎಂದೆ. ಗೋಡೆಯ ಕಡೆ ಹೊರಳಿ ಮಲಗಿದ.

ಅವನನ್ನು ಮಣ್ಣು ಮಾಡಿ ಹದಿನೈದು ದಿನಕ್ಕೆ ನಾನು ಪಟ್ಟಣದ ನ್ಯಾಯಾಲಯಕ್ಕೆ ಹೋದೆ. ನ್ಯಾಯಾಧೀಶೆ ಚಿಕ್ಕ ವಯಸ್ಸಿನವಳು, ತಣ್ಣನೆಯ ತೆರೆರೆ ಕುಡಿಸಿ, ಎಲ್ಲವನ್ನೂ ಬರೆಸಿಕೊಂಡಳು. ಅಪ್ಪ ಹೇಳಿಕೊಟ್ಟಂತೆ ಹೇಳಿದೆ ಎಂದೆ. "ನೀವಾಗ ಕೂಸು. ಹೇಳಿಕೊಟ್ಟಿದ್ದನ್ನ ಹೇಳಿದ್ರಿ. ನಿಮ್ಮ ತಪ್ಪೇನಿದೆಯಮ್ಮಾ?" ಎಂದಳು. ತೀರ್ಪು ಬದಲಾಗಲು ಇನ್ನೂ ಸಮಯ ಹಿಡಿಯುತ್ತದಂತೆ. ಮೊಹರು ಹಾಕಿದ ಹೇಳಿಕೆಯ ಪ್ರತಿ ಇದರೊಳಗಿದೆ. ಮಗಳಿಗೆ ತೋರಿಸು.

ಕಾಕುಪೆಯ ಮೇರಿ ಮಾತೆ ನಿನ್ನನ್ನೂ ನಿನ್ನ ಮಕ್ಕಳನ್ನೂ ಕಾಪಾಡಲಿ. ನಿನ್ನಪ್ಪನ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಪ್ರಾರ್ಥಿಸುವ ಯೋಗ್ಯತೆ ನನಗಿಲ್ಲ, ಆದರೂ ಪ್ರಾರ್ಥಿಸುತ್ತೇನೆ.

ಒಮ್ಮೆ ನಿನ್ನ ಗೆಳತಿಯಾಗಿದ್ದ
ಹರ್ಮಿನಿಯಾ

ಮರೆತ ಮಾತು: ಮರೆತದ್ದಲ್ಲ ಝುನಿಲ್ಡಾ, ಬಚ್ಚಿಟ್ಟದ್ದು. ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಆ ಹೇಳಿಕೆಯಲ್ಲಿ ಒಂದು ಸುಳ್ಳಿದೆ. ಅಪ್ಪ ನನಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ಆ ಬೆಳಿಗ್ಗೆ ಅವನು ಗಡ್ಡ ಬೋಳಿಸಿ, ಭಾನುವಾರದ ಅಂಗಿ ತೊಟ್ಟು, ತಪ್ಪೊಪ್ಪಿಕೊಳ್ಳುತ್ತೇನೆಂದು ಅಮ್ಮನಿಗೆ ಹೇಳಿ ಠಾಣೆಗೆ ಹೊರಟಿದ್ದ. ಅಮ್ಮ ಅಳುತ್ತಿದ್ದಳು, ನಾನು ಕೇಳಿಸಿಕೊಂಡಿದ್ದೆ. ಅಷ್ಟರಲ್ಲಿ ಅಧಿಕಾರಿಯೇ ಬಂದ. ಅಪ್ಪ ಟೋಪಿ ಕೈಯಲ್ಲಿ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದ, ಇನ್ನೇನು ಬಾಯಿ ತೆರೆಯಬೇಕು, ನಾನು ಮೊದಲು ಹೇಳಿಬಿಟ್ಟೆ. ಅಪ್ಪ ನನ್ನ ಮುಖ ನೋಡಿದ. ನಾನು ಬೇಡವೆಂದು ತಲೆಯಾಡಿಸಿದೆ. ಅವನು ಟೋಪಿಯನ್ನು ಮೊಳೆಗೆ ಸಿಕ್ಕಿಸಿ ಒಳಗೆ ಹೋಗಿ ಕೂತ.