ಹೇಗ್ ನ್ಯಾಯಾಲಯವೂ ಮೇಲ್ತೋಟದ ಹಲಗೆಯೂ

ಕೆಳತೋಟ, ಆಲ್ದೂರು
20 ಜನವರಿ 1934

ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಮಲ್ಲಿಕಾರ್ಜುನನಿಗೆ,

ನಿನ್ನ ಕೆಮ್ಮು ಹೇಗಿದೆ? ಬೆಂಗಳೂರಿನ ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಕೋರ್ಟಿನ ಹತ್ತಿರದ ಹೋಟೆಲಿನಲ್ಲಿ ಕುಡಿಯುವುದು ಕಾಫಿಯಲ್ಲ, ಹುರಿದ ಹುಣಸೆ ಬೀಜ. ಅದನ್ನು ಬಿಟ್ಟರೆ ಅರ್ಧ ಕೆಮ್ಮು ತಾನಾಗಿ ಹೋಗುತ್ತದೆ. ಕಳೆದ ತಿಂಗಳು ಕಳಿಸಿದ ಮೆಣಸಿನ ಕಷಾಯದ ಪುಡಿ ಮುಗಿದಿದ್ದರೆ ತಿಳಿಸು. ನಿನ್ನ ಮೇಲೆ ನನಗೆ ಎಷ್ಟು ಸಿಟ್ಟಿದ್ದರೂ ನಿನ್ನ ಎದೆಯ ಮೇಲೆ ಸಿಟ್ಟಿಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದಲ್ಲೇ ಇದೆ. ಅದೂ ನಿನ್ನ ಹಾಗೆಯೇ, ಯಾರು ಹೇಳಿದರೂ ಕೇಳುವುದಿಲ್ಲ.

ನೀನು ಪತ್ರಿಕೆಯಲ್ಲಿ ಬರೆದ ಲೇಖನ ಓದಿದೆ. ರಾಷ್ಟ್ರಗಳು ಹೇಗ್ ನಗರದ ನ್ಯಾಯಾಲಯಕ್ಕೆ ತಲೆಬಾಗುತ್ತವೆಯೇ ಎಂದು ತಲೆಬರಹ; ಹೌದು, ಬಹುಮಟ್ಟಿಗೆ ಬಾಗುತ್ತವೆ ಎಂದು ನಿನ್ನ ಉತ್ತರ. ಎಂಥ ಭಾಷೆ! ನಿಮ್ಮ ಭಾವ ಇದ್ದಿದ್ದರೆ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದರು. ಹೆಂಡತಿಗೆ ಪತ್ರಿಕೆ ಓದುವ ಚಟ ಹಿಡಿಸಿದವರು ಅವರೇ ಅಲ್ಲವೇ. ಹಾಗಾಗಿ ನೀನು ಯಾವುದನ್ನು ಬರೆದೆ, ಯಾವುದನ್ನು ನುಂಗಿದೆ ಎಂಬುದು ನನಗೆ ಗೊತ್ತಾಗುತ್ತದೆ. ನಾರ್ವೆಯ ಸಂಗತಿ ಬರೆದಿದ್ದೀಯ. ಗ್ರೀನ್‌ಲ್ಯಾಂಡಿನ ಪೂರ್ವ ಭಾಗ ತನ್ನದೆಂದು ಬಾವುಟ ನೆಟ್ಟಿದ್ದ ದೇಶ, ಹೋದ ವರ್ಷ ನ್ಯಾಯಾಲಯ ಅದು ಡೆನ್ಮಾರ್ಕಿನದು ಎಂದ ಕೂಡಲೇ ಬಾವುಟ ಕಿತ್ತುಕೊಂಡು ಹೋಯಿತು. ಒಪ್ಪಿದೆ. ಆದರೆ ಜರ್ಮನಿಯವರು ಕೀಲ್ ಕಾಲುವೆಯಲ್ಲಿ ತಡೆದ ವಿಂಬಲ್ಡನ್ ಎಂಬ ಹಡಗಿನ ವಿಷಯ ಎಲ್ಲಿ? ಅದೇ ನ್ಯಾಯಾಲಯ ಜರ್ಮನಿಗೆ ಪರಿಹಾರ ಕೊಡು ಎಂದು ಹತ್ತು ವರ್ಷವಾಯಿತು; ಕೊಡಲು ನಮ್ಮ ಕೈ ಕಟ್ಟಿದೆ ಎಂದು ನೆಪ ಹೇಳಿ ಕೂತರು. ಮಂಚೂರಿಯಾದಲ್ಲಿ ಜಪಾನ್ ಮಾಡಿದ್ದು ತಪ್ಪು ಎಂದು ಜಿನೀವಾದ ರಾಷ್ಟ್ರಗಳ ಸಭೆ ಹೇಳಿದಾಗ ಜಪಾನಿನವರು ಮಂಚೂರಿಯಾ ಬಿಟ್ಟರೋ, ಸಭೆಯನ್ನು ಬಿಟ್ಟರೋ? ಅದು ನ್ಯಾಯಾಲಯವಲ್ಲ, ಸಭೆ ಎಂದು ನೀನು ವಾದ ಹೂಡುತ್ತೀಯ. ಹೂಡು. ನನಗೆ ಕಾಣುವುದು ಇಷ್ಟೇ: ಸಣ್ಣವರು ತೀರ್ಪನ್ನು ಪಾಲಿಸುತ್ತಾರೆ, ದೊಡ್ಡವರು ತೀರ್ಪನ್ನು ಓದುತ್ತಾರೆ.

ಇನ್ನೊಂದನ್ನೂ ನುಂಗಿದ್ದೀಯ, ಅದು ನನಗೆ ಹೆಚ್ಚು ನೋವು. ಕಾವೇರಿಯ ಅಣೆಕಟ್ಟಿನ ವಿಷಯದಲ್ಲಿ ನಮ್ಮ ಮೈಸೂರಿಗೂ ಮದರಾಸಿಗೂ ಮಧ್ಯಸ್ಥಿಕೆ ನಡೆದು ತೀರ್ಪು ಮೈಸೂರಿನ ಕಡೆ ಆಗಿತ್ತು. ಮದರಾಸಿನವರು ಒಪ್ಪಲಿಲ್ಲ, ಮೇಲಕ್ಕೆ ಮೇಲಕ್ಕೆ ಹೋದರು, ಕೊನೆಗೆ ಲಂಡನ್ನಿನಲ್ಲಿ ಆ ತೀರ್ಪನ್ನು ಮೂಲೆಗಿಟ್ಟರು. ಆಗ ನೀನು ಕಾನೂನು ಓದುತ್ತಿದ್ದ ಹುಡುಗ. ಅಪ್ಪನ ಜಗಲಿಯ ಮೇಲೆ ನಿಂತು, ಊಟಕ್ಕೆ ಕೂತವರೆಲ್ಲ ಕೈ ತಡೆಯುವ ಹಾಗೆ ಕೂಗಿದೆ: “ಮಧ್ಯಸ್ಥರ ಮಾತಿಗೆ ಬೆಲೆ ಇಲ್ಲ ಅಂದ್ರೆ ಇನ್ ಉಳಿಯೋದು ದೊಣ್ಣೆ ಮಾತ್ರ!” ಅಪ್ಪ ನಕ್ಕು, “ಮೊದ್ಲು ಸಾರು ಬಡಿಸ್ಕೊಳ್ಳೋ ಮಾರಾಯ, ಆಮೇಲೆ ದೊಣ್ಣೆ” ಎಂದಿದ್ದರು. ನಿನಗೆ ಮರೆತಿರಬಹುದು. ನನಗೆ ಮರೆವು ಎಂಬ ಸುಖವಿಲ್ಲ.

ಈಗ ನಮ್ಮ ಹಳ್ಳದ ವಿಷಯಕ್ಕೆ ಬರುತ್ತೇನೆ. ಹೇಗ್ ದೂರ, ಮೇಲ್ತೋಟ ಹತ್ತಿರ. ಅಪ್ಪ ಮೇಲ್ತೋಟವನ್ನು ನಿನಗೂ ಕೆಳತೋಟವನ್ನು ವಿಧವೆಯಾದ ನನಗೂ ಕೊಟ್ಟಾಗ ಹಳ್ಳವನ್ನು ಯಾರಿಗೂ ಕೊಡಲಿಲ್ಲ. ಹರಿಯುವುದನ್ನು ಯಾರು ತಾನೇ ಪಾಲು ಮಾಡುತ್ತಾರೆ ಎಂದುಕೊಂಡಿದ್ದರು. ನೀನು ಹಣ್ಣಿನ ಸಿಪ್ಪೆ ಬಿಡಿಸುವ ಹೊಸ ಪಲ್ಪರ್ ಯಂತ್ರ ತರಿಸಿ, ಹಳ್ಳಕ್ಕೆ ಅಡ್ಡ ಹಲಗೆ ಹಾಕಿಸಿ, ನೀರನ್ನೆಲ್ಲ ನಿನ್ನ ತೊಟ್ಟಿಗೆ ತಿರುಗಿಸಿದೆ. ಜಗಳವಾಯಿತು. ಮಳೆಗಾಲ ಕಳೆದ ಮೇಲೆ ದೇವರಮನೆ ಬೆಟ್ಟದ ಭೈರವನ ಎದುರು ಮೂವರು ಹಿರಿಯರನ್ನು ಕೂರಿಸಿದೆವು: ನಮ್ಮ ಮನೆತನಕ್ಕೆ ಬುದ್ಧಿ ಹೇಳುವ ಗುರುವಯ್ಯನವರು, ಮಲ್ಲಂದೂರಿನ ಪ್ಲಾಂಟರ್ ರುದ್ರಪ್ಪನವರು, ಆಲ್ದೂರಿನಲ್ಲಿ ಕಾಫಿ ಕೊಳ್ಳುವ ಪೀರ್ ಪಾಷಾ ಸಾಹೇಬರು. ಪೀರ್ ಪಾಷಾ ಬೇಕೆಂದು ಕೇಳಿದವನು ನೀನೇ. ಅವರಿಗೆ ನಮ್ಮಿಬ್ಬರ ಕಾಫಿಯೂ ಒಂದೇ ಎಂದೆ. ತೀರ್ಪು ಹೇಳುವ ಮೊದಲು ಆ ಮೂವರು ನಮ್ಮಿಬ್ಬರ ಕೈಗೂ ವೀಳ್ಯ ಕೊಟ್ಟರು. ಈ ಬೆಟ್ಟಗಳಲ್ಲಿ ಅದರ ಅರ್ಥ ಹಾಲು ಕುಡಿಯುವ ಮಗುವಿಗೂ ಗೊತ್ತು: ವೀಳ್ಯ ಹಿಡಿದವನು ತೀರ್ಪು ಏನೇ ಬಂದರೂ ಒಪ್ಪಿ ಹಿಡಿದ ಹಾಗೆ. ನಾನು ಸೆರಗಿನಲ್ಲಿ ಕಟ್ಟಿಕೊಂಡೆ. ನೀನು ಅಲ್ಲೇ ಬಾಯಿಗೆ ಹಾಕಿಕೊಂಡು, ಸುಣ್ಣ ಕಮ್ಮಿ ಎಂದು ತಮಾಷೆ ಕೂಡ ಮಾಡಿದೆ. ತೀರ್ಪು ಸರಳವಾಗಿತ್ತು. ಕೊಯ್ಲು ಮುಗಿಯುವ ತನಕ ಒಂದು ದಿನ ನಿನಗೆ ನೀರು, ಮರುದಿನ ನನಗೆ.

ಮೊದಲ ವಾರ ನೀರು ಬಂತು. ಆಮೇಲೆ ನಿಂತಿತು. ನಾನೇ ಮಂಡಿ ಹಿಡಿದುಕೊಂಡು ಹಲಗೆಯ ತನಕ ಹತ್ತಿದೆ. ನಿನ್ನ ತೋಟದ ಲೆಕ್ಕ ಬರೆಯುವ ರೈಟರ್ ನಾಗೇಶ ಕೊಡೆ ಊರಿಕೊಂಡು ಕಾವಲು ನಿಂತಿದ್ದ. “ನಾನೇನ್ ಮಾಡ್ಲಿ ಅಮ್ಮಾವ್ರೇ, ಹಲಗೆ ಎತ್ತೋ ಹಾಗಿಲ್ಲ ಅಂತ ಸಾಹುಕಾರ್ರು ಬೆಂಗ್ಳೂರಿಂದ ಹೇಳ್ ಕಳ್ಸಿದಾರೆ. ಅದು ಕೋರ್ಟ್ ಅಲ್ವಂತೆ, ಅವ್ರಿಗೆ ಅಧಿಕಾರ ಇಲ್ವಂತೆ. ಹಳ್ಳ ಹುಟ್ಟೋದೇ ನಮ್ ಜಾಗದಲ್ಲಂತೆ” ಎಂದ. ಪಾಪ, ಗಿಣಿಯ ಮೇಲೆ ಸಿಟ್ಟು ಮಾಡಿ ಏನು ಫಲ. ಹೇಳಿಕೊಟ್ಟವನು ಹೇಗ್ ನ್ಯಾಯಾಲಯದ ಗೌರವದ ಬಗ್ಗೆ ಲೇಖನ ಬರೆಯುತ್ತಿದ್ದನಲ್ಲ!

ಕಾಫಿ ಬೆಳೆಯುವ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಬರೆಯಬೇಕಾಗಿ ಬಂದದ್ದೇ ನಾಚಿಕೆ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರ್‌ಗೆ ಹಾಕಬೇಕು, ಅಂಟು ಬಿಟ್ಟ ಮೇಲೆ ಹರಿಯುವ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಒಳಗಿನ ಪಾರ್ಚ್‌ಮೆಂಟ್ ಬೀಜವೇ ಕೆಡುತ್ತದೆ. ನನ್ನ ಹಣ್ಣು ಅಂಗಳದಲ್ಲಿ ರಾಶಿ ಬಿದ್ದು ಬಿಸಿಯೇರಿ ಹುಳಿ ಹೊಡೆಯುತ್ತಿದೆ. ಗಾಳಿ ಈ ಕಡೆ ಬೀಸಿದರೆ ಹೆಂಡದಂಗಡಿಯ ಮಗ್ಗುಲಲ್ಲಿ ಕೂತ ಹಾಗೆ. ಆಳುಗಳು ಕೊಯ್ಯಲು ಹೊರಟರೆ ನಾನೇ ಬೇಡ, ಗಿಡದಲ್ಲೇ ಇರಲಿ ಎಂದಿದ್ದೇನೆ. ಗಿಡದಲ್ಲಿ ಬಿಟ್ಟಿದ್ದು ಉದುರುತ್ತಿದೆ. ಇನ್ನು ಹದಿನೈದು ದಿನ ಹೀಗೇ ಆದರೆ ಕೆಳತೋಟಕ್ಕೆ ಈ ವರ್ಷ ಬೆಳೆಯೇ ಇಲ್ಲ. ನಿನ್ನ ತೊಟ್ಟಿಯಲ್ಲಿ ನೀರು ತುಂಬಿ ತುಳುಕಿ ಗದ್ದೆಗೆ ಹರಿದು ಹೋಗುತ್ತಿದೆ. ಕಣ್ಣಾರೆ ಕಂಡೆ. ಬೇಕಾಗಿ ಹಿಡಿದುಕೊಂಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಪೀರ್ ಪಾಷಾರಿಗೆ ಹೇಳಿ ಕಳಿಸಿದೆ. ಅವರು ಬಂದು ಹಣ್ಣಿನ ರಾಶಿಯನ್ನು ಕೋಲಿನಿಂದ ಕೆದಕಿ, ಮೂಗು ಮುಚ್ಚಿಕೊಂಡು, “ನಿಮ್ ತಮ್ಮ ವೀಳ್ಯ ಬಾಯ್ಗೆ ಹಾಕ್ಕೊಂಡಾಯ್ತಲ್ಲ ಅಮ್ಮ, ಈಗ ಉಗುಳಿದ್ರೆ ನಾಲಿಗೆ ಕೆಂಪು ಹೋಗ್ತದಾ?” ಎಂದರು. ನಾಗೇಶನನ್ನು ತಳ್ಳಿ ಹಲಗೆ ಕೀಳಿಸಲೇ ಎಂದು ಕೇಳಿದೆ. ನನ್ನ ಹತ್ತಿರವೂ ಆಳುಗಳಿದ್ದಾರೆ, ಗುದ್ದಲಿಗಳಿವೆ. ಅವರು ಬೇಡವೆಂದರು. “ನೀವು ಕಿತ್ರೆ ನಮ್ ತೀರ್ಪೂ ಕಿತ್ತಂಗೇ. ಅವ್ರೇ ಎತ್ಬೇಕು.” ಆ ಮಾತಿಗೆ ಕಟ್ಟುಬಿದ್ದು ಸುಮ್ಮನೆ ಕೂತಿದ್ದೇನೆ. ತೀರ್ಪು ಮೀರಿದವನು ಬೆಂಗಳೂರಿನಲ್ಲಿ ಮಾನವಂತ, ಪಾಲಿಸಿದವಳು ಇಲ್ಲಿ ಕೊಳೆತ ಹಣ್ಣು ಮೂಸುತ್ತಾಳೆ. ಇದನ್ನೂ ಮುಂದಿನ ಲೇಖನಕ್ಕೆ ಸೇರಿಸಿಕೊ.

ನಿನ್ನ ಬರಹದಲ್ಲಿ ಒಂದು ಮಾತು ಮಾತ್ರ ನನ್ನ ಮನಸ್ಸಿಗೆ ಹಿಡಿಸಿತು. ಹೇಗ್ ನ್ಯಾಯಾಲಯಕ್ಕೆ ಪೊಲೀಸಿಲ್ಲ, ಜೈಲಿಲ್ಲ. ಆದರೂ ರಾಷ್ಟ್ರಗಳು ಮಣಿಯುವುದು ನಾಳೆ ಬೇರೆ ರಾಷ್ಟ್ರಗಳ ಬಾಗಿಲಿಗೆ ಹೋಗಬೇಕಲ್ಲ ಎಂಬ ಅಳುಕಿನಿಂದ ಎಂದು ಬರೆದಿದ್ದೀಯ. ಇದು ಜಪಾನಿಗೆ ತಿಳಿಯದು. ನಿನಗೆ ತಿಳಿಯುತ್ತದೆಯೋ ಇಲ್ಲವೋ ನೋಡಬೇಕು.

ನಿನ್ನ ಮಗಳು ನೀಲಾಂಬಿಕೆಯ ಮದುವೆಗೆ ನೀನು ಬರುವಷ್ಟರಲ್ಲಿ ಕೆಮ್ಮು ವಾಸಿಯಾಗಲಿ. ಭೈರವ ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಅದಕ್ಕೆ ತಕ್ಕ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ವಿಶಾಲಾಕ್ಷಮ್ಮ

ಮತ್ತೊಂದು ಮಾತು: ಕಾಗದ ಮಡಿಸುವಷ್ಟರಲ್ಲಿ ಮೇಲ್ತೋಟದಿಂದ ನಿನ್ನ ಹೆಂಡತಿ ಶಂಕರಮ್ಮ ಅಳುತ್ತಾ ಬಂದಳು. ಮದುವೆಗೆ ಕರೆಯಲು ವೀಳ್ಯದ ತಟ್ಟೆ ಹಿಡಿದು, ಹಿರಿಯರಿಗೇ ಮೊದಲ ಮರ್ಯಾದೆ ಎಂದು ನೇರವಾಗಿ ಆ ಮೂವರ ಮನೆಗೇ ಹೋಗಿದ್ದಾಳೆ. ಮೂವರೂ ಮುಟ್ಟಲಿಲ್ಲವಂತೆ. “ನಿನ್ ಗಂಡನ ಬಾಯಲ್ಲಿ ಹಳೇ ವೀಳ್ಯ ಇನ್ನೂ ಇದೆ ತಾಯಿ, ಅದು ಮುಗೀಲಿ” ಎಂದರಂತೆ ಗುರುವಯ್ಯನವರು. ಅವರು ಹಿಡಿಯದ ವೀಳ್ಯವನ್ನು ಈ ಸುತ್ತಮುತ್ತ ಯಾರೂ ಹಿಡಿಯುವುದಿಲ್ಲ. ಹಾಗೆ ಮಾಡಿ ಎಂದು ನಾನು ಹೇಳಿಕೊಟ್ಟಿಲ್ಲ. ಅಪ್ಪನ ಮೇಲಿನ ಸಿಟ್ಟನ್ನು ಮಗಳ ಮೇಲೆ ತೀರಿಸುವುದು ನನಗೆ ಹಿಡಿಸಿಲ್ಲ. “ಅಕ್ಕಾ, ನೀವಾದ್ರೂ ತಗೊಳ್ಳಿ” ಎಂದಳು ಶಂಕರಮ್ಮ. ಸೋದರತ್ತೆ ನಾನು, ಆರತಿ ಹಿಡಿಯಬೇಕಾದವಳು. ಕೈ ಚಾಚಿದೆ. ಹಿಂದಕ್ಕೆ ತೆಗೆದುಕೊಂಡೆ. ಹಲಗೆ ಎತ್ತು ಎಂದು ನಾಗೇಶನಿಗೆ ಇವತ್ತೇ ತಂತಿ ಕೊಡು. ಹಳ್ಳದ ಸದ್ದು ಕೇಳಿದ ಕೂಡಲೇ ಮೊದಲ ವೀಳ್ಯ ನಾನು ಹಿಡಿದು, ಆ ಮೂರು ಮನೆಗೂ ಶಂಕರಮ್ಮನ ಜೊತೆ ನಾನೇ ಹೋಗುತ್ತೇನೆ. ಎಲೆ ಬಾಡದ ಹಾಗೆ ತಟ್ಟೆಗೆ ಒದ್ದೆ ಬಟ್ಟೆ ಹೊದಿಸಿದ್ದೇನೆ. ಅಷ್ಟಕ್ಕೆ ಬಾವಿಯ ನೀರು ಸಾಕು.